ತಲೆ ಎಲ್ಲಿ ಮೂಡಬೇಕು?

ಹಣ್ಣಿನ ನೊಣದ ತತ್ತಿಯೊಳಗೆ ತಾಯಿ ಇರಿಸಿಹೋಗುವ ಒಂದು ದ್ರವ್ಯ, ಆಕಾರವಿಲ್ಲದುದರಿಂದ ಆಕಾರ ಹುಟ್ಟುವ ಬಗೆಯನ್ನು ವಿಜ್ಞಾನಕ್ಕೆ ತಿಳಿಸಿಕೊಟ್ಟ ಕಥೆ

ಗರ್ಭದಲ್ಲಿ ಬೆಳೆಯುವ ಪಿಂಡಕ್ಕೆ ಮೊದಲು ಮೂಡುವ ಅಂಗ ಯಾವುದು ಎಂಬ ಪ್ರಶ್ನೆಯನ್ನು ನಮ್ಮ ಪ್ರಾಚೀನ ವೈದ್ಯರು ಎಷ್ಟು ಗಂಭೀರವಾಗಿ ವಿಚಾರ ಮಾಡಿದ್ದರೆಂಬುದಕ್ಕೆ ಸುಶ್ರುತಸಂಹಿತೆಯ ಶಾರೀರಸ್ಥಾನವೇ ಸಾಕ್ಷಿ. ಶಿರಸ್ಸು ಮೊದಲೆಂದು ಶೌನಕನೂ, ಹೃದಯ ಮೊದಲೆಂದು ಕೃತವೀರ್ಯನೂ, ನಾಭಿ ಮೊದಲೆಂದು ಪಾರಾಶರ್ಯನೂ, ಕೈಕಾಲುಗಳು ಮೊದಲೆಂದು ಮಾರ್ಕಂಡೇಯನೂ ಹೇಳಿದುದನ್ನು ಅಲ್ಲಿ ಒಂದೊಂದಾಗಿ ಎತ್ತಿಕೊಂಡು, ಕಡೆಯಲ್ಲಿ, ಅಂಗಪ್ರತ್ಯಂಗಗಳೆಲ್ಲವೂ ಏಕಕಾಲಕ್ಕೆ ಉದ್ಭವಿಸುತ್ತವೆ, ಅತಿಸೂಕ್ಷ್ಮವಾಗಿರುವುದರಿಂದ ಅವು ನಮ್ಮ ಕಣ್ಣಿಗೆ ಗೋಚರವಾಗುವುದಿಲ್ಲವಷ್ಟೆ, ಎಂಬ ಧನ್ವಂತರಿಯ ಮತವನ್ನು ಸಿದ್ಧಾಂತವಾಗಿ ನಿಲ್ಲಿಸಲಾಗಿದೆ. ಗ್ರೀಸ್ ದೇಶದಲ್ಲಿ ಅರಿಸ್ಟಾಟಲನು ಕಾವು ಕೂತ ಕೋಳಿಯ ಮೊಟ್ಟೆಗಳನ್ನು ಬೇರೆಬೇರೆ ದಿನಗಳಲ್ಲಿ ಒಡೆದು ನೋಡಿ, ರಕ್ತಬಿಂದುವಿನಂತೆ ಮಿಡಿಯುವ ಹೃದಯವನ್ನು ಮೊದಲು ಕಂಡನು. ಯೂರೋಪಿನ 17ನೆಯ ಶತಮಾನದ ಪಂಡಿತರಲ್ಲಿ ಹಲವರು, ಬೀಜದೊಳಗೆ ಪುಟ್ಟ ದೇಹವೊಂದು ಮೊದಲೇ ಸಿದ್ಧವಾಗಿ ಮಡಿಸಿಕೊಂಡಿರುತ್ತದೆಂದೂ, ಬೆಳವಣಿಗೆಯೆಂದರೆ ಅದು ದೊಡ್ಡದಾಗುವುದು ಮಾತ್ರವೆಂದೂ ನಂಬಿದ್ದರು. 1759ರಲ್ಲಿ ಕ್ಯಾಸ್ಪರ್ ಫ್ರೀಡ್ರಿಕ್ ವೋಲ್ಫ್ ಎಂಬ ಜರ್ಮನ್ ತರುಣನು ಈ ಮತವನ್ನು ಖಂಡಿಸಿ, ಆಕಾರರಹಿತವಾದ ದ್ರವ್ಯದಿಂದಲೇ ಆಕಾರವು ಹಂತಹಂತವಾಗಿ ಹುಟ್ಟುತ್ತದೆಂದು ಪ್ರತಿಪಾದಿಸಿದನು.

ವೋಲ್ಫನ ಮಾತು ನಿಜವೆಂದು ಸೂಕ್ಷ್ಮದರ್ಶಕವು ಕ್ರಮೇಣ ತೋರಿಸಿಕೊಟ್ಟಿತು. ಆದರೆ ಒಂದು ಕಠಿನವಾದ ಸಂಶಯವನ್ನು ನಿವಾರಿಸುವ ಶಕ್ತಿ ಆ ಯಂತ್ರಕ್ಕೂ ಇರಲಿಲ್ಲ. ಒಂದೇ ಕೋಶದಿಂದ ಹುಟ್ಟಿದ, ಒಂದೇ ಆನುವಂಶಿಕ ಸಂಪತ್ತನ್ನು ಪಡೆದ ಸಾವಿರಾರು ಕೋಶಗಳಲ್ಲಿ, ಇದು ತಲೆಯಾಗಬೇಕು, ಇದು ಎದೆಯಾಗಬೇಕು, ಇದು ಉದರವಾಗಬೇಕು ಎಂಬ ವಿವೇಚನೆ ಬರುವುದೆಲ್ಲಿಂದ? ಈ ಸಂಶಯಕ್ಕೆ ಒಂದು ಪ್ರಾಣಿಯ ವಿಷಯದಲ್ಲಾದರೂ ಸ್ಪಷ್ಟವಾದ, ಪ್ರಯೋಗದಿಂದ ಪರೀಕ್ಷಿಸಲು ಬರುವ ಉತ್ತರ ದೊರೆತುದು 1980ರ ದಶಕದಲ್ಲಿ. ಆ ಪ್ರಾಣಿ ಹಣ್ಣಿನ ನೊಣ. ಆ ಉತ್ತರದ ನಡುವಿನಲ್ಲಿರುವುದು ಬೈಕಾಯ್ಡ್ ಎಂಬ ಜೀನು.

ಒಂದು ತತ್ತಿಯ ಮೊದಲ ಮೂರು ಗಂಟೆ

ಇಲ್ಲಿ ಹೇಳುತ್ತಿರುವ ಹಣ್ಣಿನ ನೊಣವು ಮಾವಿನ ತೋಪಿನಲ್ಲಿ ಕಾಯಿಯನ್ನು ಚುಚ್ಚಿ ಕೆಡಿಸುವ, ಬೆಳೆಗಾರರಿಗೆ ಶತ್ರುವಾದ ನೊಣವಲ್ಲ. ಅಡುಗೆಮನೆಯಲ್ಲಿ ಅತಿಯಾಗಿ ಕಳಿತ ಬಾಳೆಹಣ್ಣಿನ ಸುತ್ತ ಸುಳಿದಾಡುವ, ಎರಡು ಮೂರು ಮಿಲಿಮೀಟರ್ ಉದ್ದದ, ಕೆಂಪು ಕಣ್ಣಿನ ನೊರಜು. ಡ್ರೋಸೊಫಿಲ ಮೆಲನೊಗ್ಯಾಸ್ಟರ್ ಎಂಬುದು ಇದರ ಶಾಸ್ತ್ರೀಯ ನಾಮ. ಸೀಸೆಯೊಳಗೆ ಸಾಕಬಹುದಾದ, ಹತ್ತು ಹನ್ನೆರಡು ದಿನಗಳಲ್ಲಿ ಒಂದು ತಲೆಮಾರನ್ನು ಮುಗಿಸುವ, ನಾಲ್ಕೇ ಜೊತೆ ವರ್ಣತಂತುಗಳನ್ನುಳ್ಳ ಈ ಕೀಟವನ್ನು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಥಾಮಸ್ ಹಂಟ್ ಮಾರ್ಗನ್ ಅವರು ಪ್ರಯೋಗಕ್ಕೆ ತೆಗೆದುಕೊಂಡು, 1910ರಲ್ಲಿ ಕೆಂಪು ಕಣ್ಣಿನ ನೊಣಗಳ ನಡುವೆ ಕಾಣಿಸಿಕೊಂಡ ಬಿಳಿಗಣ್ಣಿನ ಗಂಡೊಂದರ ಸಂತತಿಯನ್ನು ಹಿಂಬಾಲಿಸುತ್ತ ಹೋಗಿ, ಜೀನುಗಳು ವರ್ಣತಂತುಗಳ ಮೇಲೆ ನೆಲೆಸಿವೆಯೆಂಬುದನ್ನು ದೃಢಪಡಿಸಿದರು. 1933ರ ನೊಬೆಲ್ ಪಾರಿತೋಷಿಕ ಅವರಿಗೆ ಸಂದಿತು. ಅಂದಿನಿಂದ ಈ ನೊರಜು ಜಗತ್ತಿನ ಪ್ರಯೋಗಾಲಯಗಳಲ್ಲೆಲ್ಲ ಮನೆಮಾಡಿಕೊಂಡಿದೆ. ಮೈಸೂರಿನ ಮಾನಸಗಂಗೋತ್ರಿಯಲ್ಲಿ ಇದರ ಜಾತಿಗಳನ್ನೂ ತಳಿಗಳನ್ನೂ ಕಾಪಾಡುವ ಸಂಗ್ರಹವಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನಗಳ ಕೇಂದ್ರದಲ್ಲಿ ಇದರ ನರಮಂಡಲವನ್ನೂ ಬೆಳವಣಿಗೆಯನ್ನೂ ಕುರಿತು ಬಹುಕಾಲದಿಂದ ವ್ಯಾಸಂಗ ನಡೆದುಬಂದಿದೆ.

ಹೆಣ್ಣು ನೊಣವಿಡುವ ತತ್ತಿಯು ಬೆಳ್ಳಗೆ, ಸುಮಾರು ಅರ್ಧ ಮಿಲಿಮೀಟರ್ ಉದ್ದವಾಗಿ, ಅದರ ಮೂರನೆಯ ಒಂದು ಭಾಗದಷ್ಟು ಅಗಲವಾಗಿರುತ್ತದೆ. ಅಷ್ಟು ಕಿರಿದಾದ ತತ್ತಿಯಿಂದ, 25 ಡಿಗ್ರಿ ಸೆಲ್ಸಿಯಸ್ ಉಷ್ಣತೆಯಲ್ಲಿ, ಸುಮಾರು ಒಂದು ದಿನದೊಳಗಾಗಿ, ಬಾಯಿಯ ಕೊಕ್ಕೆಗಳಿಂದ ಆಹಾರವನ್ನು ಕೆರೆದು ತಿನ್ನಬಲ್ಲ ಪೂರ್ಣರೂಪದ ಮರಿಹುಳುವೊಂದು ಹೊರಬರುತ್ತದೆಂಬುದು ಸಾಮಾನ್ಯವಾದ ಸಂಗತಿಯಲ್ಲ. ಈ ಕಾರ್ಯದ ಆರಂಭವೂ ವಿಲಕ್ಷಣವಾದುದು. ಮನುಷ್ಯನ ಭ್ರೂಣದಲ್ಲಿ ಅಂಡವು ಎರಡಾಗಿ, ನಾಲ್ಕಾಗಿ, ಎಂಟಾಗಿ ಒಡೆಯುತ್ತ ಹೋಗುವಾಗ ಪ್ರತಿಯೊಂದು ಕೋಶದ ಸುತ್ತಲೂ ಪೊರೆಯಿರುತ್ತದೆ. ನೊಣದ ತತ್ತಿಯಲ್ಲಿ ಹಾಗಲ್ಲ. ಅಲ್ಲಿ ವಿಭಜನೆಗೊಳ್ಳುವುದು ಕೋಶಕೇಂದ್ರ ಮಾತ್ರ. ಮೊದಮೊದಲು ಎಂಟು ಹತ್ತು ನಿಮಿಷಗಳಿಗೊಮ್ಮೆ ಇಮ್ಮಡಿಯಾಗುತ್ತ, ನಡುವೆ ಯಾವ ಗೋಡೆಯೂ ಇಲ್ಲದೆ, ಒಂದೇ ಕೋಶರಸದಲ್ಲಿ ನೂರಾರು ಕೇಂದ್ರಗಳು ಒಟ್ಟಿಗೆ ಬಾಳುತ್ತವೆ. ಅನಂತರ ಅವುಗಳಲ್ಲಿ ಬಹುಪಾಲು ತತ್ತಿಯ ಮೇಲ್ಮೈಗೆ ಏರಿಬಂದು ನಿಲ್ಲುತ್ತವೆ. ಹದಿಮೂರು ವಿಭಜನೆಗಳಾದ ಮೇಲೆ ಸುಮಾರು ಆರು ಸಾವಿರ ಕೇಂದ್ರಗಳ ನಡುವೆ ಪೊರೆಗಳು ಇಳಿದುಬಂದು ಅವನ್ನು ಬೇರೆಬೇರೆ ಕೋಶಗಳನ್ನಾಗಿ ಮಾಡುತ್ತವೆ. ಇಷ್ಟೆಲ್ಲವೂ ಮುಗಿಯುವುದು ತತ್ತಿಯಿಟ್ಟ ಸುಮಾರು ಮೂರು ಗಂಟೆಗಳಲ್ಲಿ. ಆ ಹೊತ್ತಿಗೆ ಭ್ರೂಣವನ್ನು ಹೊರಗಿನಿಂದ ನೋಡಿದರೆ, ಹಿಂತುದಿಯಲ್ಲಿ ಗುಂಪುಗೂಡಿದ, ಮುಂದಿನ ಪೀಳಿಗೆಗೆ ಬೀಜವಾಗತಕ್ಕ ಕೆಲವು ಕೋಶಗಳನ್ನು ಬಿಟ್ಟರೆ, ಉಳಿದ ಕೋಶಗಳೆಲ್ಲವೂ ಒಂದೇ ತೆರನಾಗಿ ಕಾಣುತ್ತವೆ. ಆದರೆ ಅವುಗಳಲ್ಲಿ ಯಾವುದು ಏನಾಗಬೇಕೆಂಬುದು ಬಹುಮಟ್ಟಿಗೆ ಅಷ್ಟರಲ್ಲಿಯೇ ತೀರ್ಮಾನವಾಗಿಬಿಟ್ಟಿರುತ್ತದೆ.

ಏರಿಳಿತದ ಕಲ್ಪನೆ

ಈ ತೀರ್ಮಾನ ಹೇಗಾದೀತೆಂಬ ಊಹೆ ಪ್ರಯೋಗಕ್ಕಿಂತ ಬಹಳ ಮುಂಚಿನದು. ದೇಹದ ಒಂದು ತುದಿಯಲ್ಲಿ ಅಧಿಕವಾಗಿದ್ದು ಇನ್ನೊಂದು ತುದಿಯ ಕಡೆಗೆ ಕ್ರಮವಾಗಿ ಕುಗ್ಗುತ್ತ ಹೋಗುವ ಯಾವುದೋ ದ್ರವ್ಯವು ಅಂಗಗಳ ತಾಣವನ್ನು ಗೊತ್ತುಮಾಡುತ್ತಿರಬಹುದೆಂಬ ಯೋಚನೆ 20ನೆಯ ಶತಮಾನದ ಆದಿಭಾಗದಲ್ಲಿ ಥಿಯೊಡೋರ್ ಬೋವೆರಿ ಮತ್ತು ಸ್ವತಃ ಮಾರ್ಗನ್ ಅವರ ಬರಹಗಳಲ್ಲಿಯೇ ಸುಳಿದಿತ್ತು. ಗಣಿತಜ್ಞನಾದ ಆಲನ್ ಟ್ಯೂರಿಂಗ್ 1952ರಲ್ಲಿ, ಆಕಾರವನ್ನು ಹುಟ್ಟಿಸುವ ಇಂಥ ರಾಸಾಯನಿಕಗಳಿಗೆ ಮಾರ್ಫೊಜೆನ್ ಎಂಬ ಹೆಸರನ್ನಿಟ್ಟನು. 1969ರಲ್ಲಿ ಲೂಯಿಸ್ ವೋಲ್ಪರ್ಟ್ ಅವರು ಈ ಕಲ್ಪನೆಗೆ ತರ್ಕಶುದ್ಧವಾದ ರೂಪವನ್ನು ಕೊಟ್ಟು, ಕೋಶವು ತಾನಿರುವ ಜಾಗದಲ್ಲಿ ದ್ರವ್ಯದ ಸಾಂದ್ರತೆ ಎಷ್ಟೆಂದು ಅಳೆದು, ಅದರಿಂದ ತನ್ನ ಸ್ಥಾನವನ್ನು ಅರಿತು, ಆ ಸ್ಥಾನಕ್ಕೆ ಒಪ್ಪುವ ಕೆಲಸವನ್ನು ಕೈಗೊಳ್ಳುತ್ತದೆಂದು ವಾದಿಸಿದರು. ದೇವರ ಮನೆಯಲ್ಲಿ ಊದುಬತ್ತಿ ಹಚ್ಚಿಟ್ಟಾಗ, ಕಣ್ಣುಮುಚ್ಚಿ ಕುಳಿತವನೂ ಪರಿಮಳದ ತೀವ್ರತೆಯಿಂದಲೇ ತಾನು ಅದರ ಬಳಿಯಿರುವೆನೋ ದೂರದಲ್ಲಿರುವೆನೋ ಎಂಬುದನ್ನು ಹೇಳಬಲ್ಲನಷ್ಟೆ. ಕೋಶಕ್ಕೂ ಅಂಥದೊಂದು ತಿಳಿವಳಿಕೆ ಉಂಟೆಂಬುದು ಈ ವಾದದ ತಿರುಳು.

ಕೀಟಗಳ ವಿಷಯದಲ್ಲಿ ಈ ಕಲ್ಪನೆಗೆ ಪ್ರಯೋಗದ ಆಧಾರವನ್ನೊದಗಿಸಿದವರು ಜರ್ಮನಿಯ ಕ್ಲೌಸ್ ಸ್ಯಾಂಡರ್. ಜಿಗಿಹುಳುವಿನ ತತ್ತಿಯ ಹಿಂತುದಿಯಲ್ಲಿ ಸಹಜೀವಿಗಳಾದ ಬ್ಯಾಕ್ಟೀರಿಯಗಳ ಚೆಂಡೊಂದು ಕಣ್ಣಿಗೆ ಕಾಣುವಂತಿರುತ್ತದೆ. ಅದನ್ನು ಗುರುತಾಗಿ ಇಟ್ಟುಕೊಂಡು, ಹಿಂಭಾಗದ ಕೋಶರಸವನ್ನು ಅದರೊಡನೆ ಮುಂದಕ್ಕೆ ನೂಕಿಯೂ, ತತ್ತಿಯನ್ನು ನಡುವೆ ಬಿಗಿದು ಎರಡು ಭಾಗ ಮಾಡಿಯೂ ಅವರು ಪರೀಕ್ಷಿಸಿದರು. ತತ್ತಿಯ ಎರಡು ತುದಿಗಳೂ ಒಂದರ ಮೇಲೊಂದು ಪ್ರಭಾವ ಬೀರುತ್ತವೆಂದೂ, ಆ ಪ್ರಭಾವಗಳ ಸಂಯೋಗದಿಂದಲೇ ದೇಹದ ಖಂಡಗಳ ಕ್ರಮ ಏರ್ಪಡುತ್ತದೆಂದೂ 1960ರ ಸುಮಾರಿಗೆ ಅವರು ಸಾರಿದರು. ಆದರೆ ಪ್ರಭಾವ ಬೀರುವ ದ್ರವ್ಯವಾವುದೆಂಬುದು ಕೈಗೆ ಸಿಕ್ಕಿರಲಿಲ್ಲ. ತತ್ತಿಯಲ್ಲಿರುವ ಸಹಸ್ರಾರು ರಾಸಾಯನಿಕಗಳಲ್ಲಿ ಅದನ್ನು ಹುಡುಕಿ ತೆಗೆಯಲು ರಸಾಯನಶಾಸ್ತ್ರದ ಮಾರ್ಗ ಸಾಲದೆಹೋಯಿತು. ಮಾರ್ಗನ್ ಅವರಿಂದ ಬಂದ ಆನುವಂಶಿಕ ಶಾಸ್ತ್ರದ ಮಾರ್ಗವೇ ಬೇಕಾಯಿತು.

ಹೈಡೆಲ್‌ಬರ್ಗಿನ ಇಬ್ಬರು

1978ರಲ್ಲಿ ಹೈಡೆಲ್‌ಬರ್ಗ್ ನಗರದ ಯೂರೋಪಿಯನ್ ಅಣುಜೀವವಿಜ್ಞಾನ ಪ್ರಯೋಗಾಲಯದಲ್ಲಿ ಇಬ್ಬರು ತರುಣ ವಿಜ್ಞಾನಿಗಳು ಜೊತೆಗೂಡಿದರು. ಒಬ್ಬರು ಜರ್ಮನಿಯವರಾದ ಕ್ರಿಸ್ಟಿಯಾನೆ ನ್ಯೂಸ್ಲೈನ್-ಫೋಲ್ಹಾರ್ಡ್. ಇದಕ್ಕೆ ಮುನ್ನ ಫ್ರೈಬುರ್ಗಿನಲ್ಲಿ ಸ್ಯಾಂಡರ್ ಅವರ ಬಳಿಯಲ್ಲೇ ಕೆಲಸ ಮಾಡಿದ್ದವರು. ಮತ್ತೊಬ್ಬರು ಅಮೆರಿಕದವರಾದ ಎರಿಕ್ ವೀಷೌಸ್. ಒಂದು ಯಂತ್ರದ ಕೆಲಸವನ್ನು ತಿಳಿಯಲು ಅದರ ಭಾಗಗಳನ್ನು ಒಂದೊಂದಾಗಿ ಕೆಡಿಸಿ ಪರಿಣಾಮವನ್ನು ನೋಡುವುದೇ ನೇರವಾದ ದಾರಿಯೆಂದು ನಿಶ್ಚಯಿಸಿ, ಅವರು ಗಂಡು ನೊಣಗಳಿಗೆ ಡಿಎನ್‌ಎಯನ್ನು ವಿಕೃತಗೊಳಿಸುವ ರಾಸಾಯನಿಕವನ್ನು ಸಕ್ಕರೆಯ ನೀರಿನಲ್ಲಿ ಕುಡಿಸಿ, ಅವುಗಳಿಂದ ಸಾವಿರಾರು ವಂಶಗಳನ್ನು ಪ್ರತ್ಯೇಕವಾಗಿ ಬೆಳೆಸಿ, ಯಾವ ಯಾವ ವಂಶದಲ್ಲಿ ಭ್ರೂಣಗಳು ಒಡೆದು ಹೊರಬರದೆ ಸಾಯುತ್ತವೆಂಬುದನ್ನು ಗುರುತಿಸಿ, ಸತ್ತ ಭ್ರೂಣಗಳನ್ನು ಪಾರದರ್ಶಕವಾಗಿ ಮಾಡಿ, ಇಬ್ಬರೂ ಏಕಕಾಲಕ್ಕೆ ನೋಡಬಹುದಾದ ಜೋಡಿ ಸೂಕ್ಷ್ಮದರ್ಶಕದ ಕೆಳಗೆ ಒಂದೊಂದನ್ನೂ ಪರಿಶೀಲಿಸಿದರು.

ಅವರು ಕಂಡುದು ಏನೆಂಬುದನ್ನು ಸ್ವಲ್ಪ ಹತ್ತಿರದಿಂದ ನೋಡುವುದು ಉಚಿತ. ಸಹಜವಾದ ಮರಿಹುಳುವಿನ ಹೊರಚರ್ಮದ ಕೆಳಬದಿಯಲ್ಲಿ, ತೆವಳುವಾಗ ನೆಲವನ್ನು ಹಿಡಿಯಲು ಒದಗುವ ಸಣ್ಣ ಮುಳ್ಳುಗಳ ಪಟ್ಟಿಗಳು ಅಡ್ಡಡ್ಡಲಾಗಿ ಸಾಲುಗಟ್ಟಿರುತ್ತವೆ. ಎದೆಯ ಮೂರು ಖಂಡಗಳಲ್ಲಿ ಕಿರಿದಾದ ಪಟ್ಟಿಗಳು, ಉದರದ ಎಂಟು ಖಂಡಗಳಲ್ಲಿ ಅಗಲವಾದ ಪಟ್ಟಿಗಳು, ಮುಂದೆ ಬಾಯಿಯ ಕೊಕ್ಕೆಗಳು, ಹಿಂದೆ ಉಸಿರಾಟದ ರಂಧ್ರಗಳು. ಅಂದಮೇಲೆ ಈ ಪಟ್ಟಿಗಳನ್ನು ಎಣಿಸಬಲ್ಲವನು ದೇಹದ ಯಾವ ಭಾಗ ಇದೆ, ಯಾವುದು ಇಲ್ಲ ಎಂಬುದನ್ನು ಕ್ಷಣದಲ್ಲಿ ಹೇಳಬಲ್ಲನು. ಒಂದು ವಂಶದಲ್ಲಿ ನಡುವಿನ ಖಂಡಗಳೇ ಮಾಯ. ಇನ್ನೊಂದರಲ್ಲಿ ಒಂದು ಬಿಟ್ಟು ಒಂದು ಖಂಡ ಇಲ್ಲ. ಮತ್ತೊಂದರಲ್ಲಿ ಖಂಡಗಳ ಸಂಖ್ಯೆ ಸರಿಯಾಗಿದ್ದರೂ ಪ್ರತಿಯೊಂದರ ಅರ್ಧಭಾಗ ತಲೆಕೆಳಗಾಗಿದೆ. ಅಸ್ತವ್ಯಸ್ತವೆಂದು ತೋರುತ್ತಿದ್ದ ಈ ವಿಕೃತಿಗಳನ್ನು ಅವರು ಮೂರು ವರ್ಗಗಳಾಗಿ ವಿಂಗಡಿಸಿ, ಹದಿನೈದು ಜೀನುಗಳ ವಿವರವನ್ನು 1980ರ ಅಕ್ಟೋಬರಿನಲ್ಲಿ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. ಭ್ರೂಣವು ತನ್ನ ದೇಹವನ್ನು ಮೊದಲು ದೊಡ್ಡ ವಲಯಗಳಾಗಿ, ಬಳಿಕ ಜೋಡಿಖಂಡಗಳಾಗಿ, ಕಡೆಗೆ ಒಂದೊಂದು ಖಂಡವಾಗಿ ವಿಭಾಗಿಸಿಕೊಳ್ಳುತ್ತದೆಂಬ ಕ್ರಮವು ಆ ಲೇಖನದಿಂದ ಲೋಕಕ್ಕೆ ತಿಳಿಯಿತು. 1995ರಲ್ಲಿ ಇವರಿಬ್ಬರಿಗೂ, ಇದೇ ನೊಣದಲ್ಲಿ ಖಂಡಗಳ ಸ್ವಭಾವವನ್ನು ನಿರ್ಣಯಿಸುವ ಜೀನುಗಳನ್ನು ದಶಕಗಳ ಕಾಲ ಶೋಧಿಸಿದ್ದ ಎಡ್ವರ್ಡ್ ಲೂಯಿಸ್ ಅವರಿಗೂ ನೊಬೆಲ್ ಪಾರಿತೋಷಿಕವು ಕೂಡಿ ಬಂದಿತು.

ತಾಯಿಯ ಪಾಲು

ಆದರೆ ಇವೆಲ್ಲ ಭ್ರೂಣದ ಸ್ವಂತ ಜೀನುಗಳು. ದೊಡ್ಡ ವಲಯಗಳನ್ನು ಗೊತ್ತುಮಾಡುವ ಜೀನುಗಳಿಗೆ ತಮ್ಮ ವಲಯ ಯಾವುದೆಂದು ತಿಳಿಸುವವರಾರು? ಅವುಗಳಿಗೂ ಮುಂಚಿನ ನಿಯಾಮಕವು ಭ್ರೂಣದಲ್ಲಿಲ್ಲದೆ, ತತ್ತಿಯನ್ನು ಕಟ್ಟಿದ ತಾಯಿಯಲ್ಲಿರಬೇಕೆಂಬ ತರ್ಕವನ್ನು ಹಿಡಿದು, ನ್ಯೂಸ್ಲೈನ್-ಫೋಲ್ಹಾರ್ಡ್ ಅವರು ಟ್ಯೂಬಿಂಗೆನ್ ನಗರದ ಮ್ಯಾಕ್ಸ್ ಪ್ಲಾಂಕ್ ಸಂಸ್ಥೆಗೆ ಬಂದ ಮೇಲೆ ಎರಡನೆಯ ಅನ್ವೇಷಣೆಗೆ ತೊಡಗಿದರು. ಈ ಬಾರಿ ಹುಡುಕಿದುದು, ತಾವು ಆರೋಗ್ಯವಾಗಿದ್ದು, ವಿರೂಪವಾದ ಭ್ರೂಣಗಳನ್ನೇ ಹೆರುವ ತಾಯಂದಿರನ್ನು. ಅಂಥ ತಾಯಂದಿರಲ್ಲಿ ಒಂದು ಬಗೆಯವರ ಸಂತಾನಕ್ಕೆ ತಲೆಯೂ ಇಲ್ಲ, ಎದೆಯೂ ಇಲ್ಲ. ಉದರದ ಪಟ್ಟಿಗಳು ಮುಂದಕ್ಕೆ ಸರಿದುಬಂದು, ತಲೆಯಿರಬೇಕಾದ ತುದಿಯಲ್ಲಿ ಬಾಲದ ರಚನೆಯೊಂದು ಮೂಡಿತ್ತು. ಇದಕ್ಕೆ ಕಾರಣವಾದ ಜೀನಿಗೆ ಬೈಕಾಯ್ಡ್ ಎಂದು ಹೆಸರಾಯಿತು. ತಾಯಿಯ ಎರಡು ಪ್ರತಿಗಳೂ ಕೆಟ್ಟಿದ್ದರೆ, ತಂದೆ ಎಷ್ಟೇ ಸಮರ್ಪಕವಾದ ಪ್ರತಿಯನ್ನು ಕೊಟ್ಟರೂ ಪ್ರಯೋಜನವಿಲ್ಲ. ತಾಯಿಯಲ್ಲಿ ಒಂದು ಪ್ರತಿ ಸರಿಯಾಗಿದ್ದರೆ, ಭ್ರೂಣದ ಸ್ವಂತ ಪ್ರತಿಗಳೆರಡೂ ಕೆಟ್ಟಿದ್ದರೂ ಅದು ಸುಖವಾಗಿ ಬೆಳೆಯುತ್ತದೆ. ಭ್ರೂಣದ ತಲೆಯ ವಿಷಯದಲ್ಲಿ ಭ್ರೂಣದ ಜೀನಿಗೆ ಮಾತಿಲ್ಲ.

ಬೈಕಾಯ್ಡ್ ಇಲ್ಲದೆಡೆ ಮುಂದೆಯೂ ಬಾಲವೇಕೆ ಮೂಡಬೇಕೆಂದು ಓದುಗರಿಗೆ ಅನಿಸಬಹುದು. ತತ್ತಿಯ ಎರಡು ಕೊನೆಗಳಿಗೂ ಇದು ತುದಿಯೆಂದು ತಿಳಿಸುವ ಬೇರೊಂದು ಏರ್ಪಾಡನ್ನು ತಾಯಿಯೇ ಮಾಡಿರುತ್ತಾಳೆ. ಆ ಸೂಚನೆಯೊಡನೆ ಬೈಕಾಯ್ಡ್ ಕೂಡಿದರೆ ತುದಿಯು ತಲೆಯ ಕೊನೆಯಾಗುತ್ತದೆ, ಅದು ಕೂಡದಿದ್ದರೆ ಬಾಲದ ಕೊನೆಯಾಗುತ್ತದೆ.

1986ರಲ್ಲಿ ಹಾನ್ಸ್ ಗೇಯೊರ್ಗ್ ಫ್ರೋನ್‌ಹೋಫರ್ ಅವರೂ ನ್ಯೂಸ್ಲೈನ್-ಫೋಲ್ಹಾರ್ಡ್ ಅವರೂ ಪ್ರಕಟಿಸಿದ ಪ್ರಯೋಗವು ಈ ಕಥೆಯ ಹೃದಯಭಾಗವೆನ್ನಬೇಕು. ಕೂದಲಿಗಿಂತ ಸಪೂರವಾದ ಗಾಜಿನ ನಳಿಕೆಯನ್ನು ಸಹಜವಾದ ತತ್ತಿಯ ಮುಂತುದಿಗೆ ಚುಚ್ಚಿ, ಅಲ್ಲಿಯ ಕೋಶರಸವನ್ನು ಅತ್ಯಲ್ಪವಾಗಿ ಹೀರಿ, ಬೈಕಾಯ್ಡ್ ಇಲ್ಲದ ತಾಯಿಯ ತತ್ತಿಯ ಮುಂತುದಿಗೆ ಸೇರಿಸಿದರೆ, ತಲೆಯಿಲ್ಲದೆ ಹೋಗಬೇಕಾಗಿದ್ದ ಆ ಭ್ರೂಣದಲ್ಲಿ ತಲೆಯೂ ಎದೆಯೂ ಮೂಡಿದವು. ಸಹಜವಾದ ತತ್ತಿಯ ನಡುಭಾಗದಿಂದಲೋ ಹಿಂಭಾಗದಿಂದಲೋ ತೆಗೆದ ಕೋಶರಸಕ್ಕೆ ಈ ಶಕ್ತಿಯಿರಲಿಲ್ಲ. ಮುಂತುದಿಯ ಅದೇ ಕೋಶರಸವನ್ನು ಭ್ರೂಣದ ನಟ್ಟನಡುವೆ ಇರಿಸಿದಾಗ, ತಲೆಯ ಅವಯವಗಳು ನಡುವಿನಲ್ಲಿಯೇ ಹುಟ್ಟಿ, ಅವುಗಳ ಇಕ್ಕೆಲಗಳಲ್ಲಿ ಎದೆಯ ಖಂಡಗಳು ಕನ್ನಡಿಯ ಬಿಂಬದಂತೆ ಎದುರುಬದುರಾಗಿ ನಿಂತವು. ತಲೆಗೆ ನಿಯತವಾದ ತಾಣವೆಂಬುದು ತತ್ತಿಯಲ್ಲಿಲ್ಲ. ಆ ದ್ರವ್ಯ ಎಲ್ಲಿ ಅತ್ಯಧಿಕವೋ ಅಲ್ಲಿಯೇ ತಲೆ, ಅದರಿಂದ ಸ್ವಲ್ಪ ದೂರ ಸರಿದಲ್ಲಿ ಎದೆ.

ಪ್ರಮಾಣವೇ ಆಜ್ಞೆ

ಆ ದ್ರವ್ಯವು ಮುಂತುದಿಯಲ್ಲಿಯೇ ಬಂದು ನೆಲೆಗೊಳ್ಳುವ ಬಗೆಯೂ ವಿಸ್ಮಯಕರವಾದುದು. ತಾಯಿಯ ಅಂಡಾಶಯದಲ್ಲಿ ಒಂದೊಂದು ಅಂಡದ ಜೊತೆಗೆ ಹದಿನೈದು ಪೋಷಕ ಕೋಶಗಳಿರುತ್ತವೆ. ಬೈಕಾಯ್ಡ್ ಜೀನಿನ ಸಂದೇಶವನ್ನು ಹೊತ್ತ ಆರ್‌ಎನ್‌ಎ ಆ ಪೋಷಕ ಕೋಶಗಳಲ್ಲಿ ತಯಾರಾಗಿ, ಕಿರಿದಾದ ದ್ವಾರಗಳ ಮೂಲಕ ಅಂಡವನ್ನು ಪ್ರವೇಶಿಸಿ, ಕೋಶದೊಳಗಿನ ಸೂಕ್ಷ್ಮನಾಳಗಳ ಜಾಲವನ್ನು ಅವಲಂಬಿಸಿ ಮುಂತುದಿಯನ್ನು ಸೇರಿ ಅಲ್ಲಿಯೇ ಕಟ್ಟುಬೀಳುತ್ತದೆ. ಎಲ್ಲಿಗೆ ಹೋಗಬೇಕೆಂಬ ಸೂಚನೆ ಆ ಆರ್‌ಎನ್‌ಎಯ ಬಾಲಭಾಗದಲ್ಲಿ, ಪ್ರೋಟೀನಿನ ಅಕ್ಷರಗಳು ಮುಗಿದ ಮೇಲೆ ಬರುವ ಭಾಗದಲ್ಲಿ, ಅಡಗಿದೆ. ಎಕ್ಸುಪರಾನ್ಷಿಯ, ಸ್ವಾಲೋ, ಸ್ಟೌಫೆನ್ ಮೊದಲಾದ ಬೇರೆ ಜೀನುಗಳ ನೆರವೂ ಈ ಕಾರ್ಯಕ್ಕೆ ಬೇಕು. ಅವು ಕೆಟ್ಟರೆ ಸಂದೇಶವು ಚೆದುರಿಹೋಗಿ ತಲೆ ಸರಿಯಾಗಿ ಮೂಡುವುದಿಲ್ಲ. ತತ್ತಿಯಿಟ್ಟ ಬಳಿಕ ಈ ಸಂದೇಶದಿಂದ ಪ್ರೋಟೀನು ಉತ್ಪನ್ನವಾಗತೊಡಗಿ, ಗೋಡೆಗಳಿಲ್ಲದ ಆ ಕೋಶರಸದಲ್ಲಿ ಹಿಂದಿನ ಕಡೆಗೆ ಹರಡುತ್ತದೆ. ಹರಡುತ್ತಲೇ ಅಷ್ಟಷ್ಟಾಗಿ ನಾಶವೂ ಹೊಂದುತ್ತದೆ. ಉತ್ಪತ್ತಿ, ಪ್ರಸರಣ, ನಾಶ ಎಂಬ ಈ ಮೂರರ ಸಮತೋಲದಿಂದ ಮುಂದೆ ದಟ್ಟವಾಗಿ ಹಿಂದೆ ವಿರಳವಾಗುವ ಇಳಿಜಾರೊಂದು ಉಂಟಾಗುತ್ತದೆ.

ಇದನ್ನು ಕಣ್ಣಿಗೆ ಕಾಣಿಸಿಕೊಟ್ಟವರು ಟ್ಯೂಬಿಂಗೆನ್ನಿನಲ್ಲಿ ಆಗ ಸಂಶೋಧನ ವಿದ್ಯಾರ್ಥಿಯಾಗಿದ್ದ ವೋಲ್ಫ್‌ಗಾಂಗ್ ಡ್ರೀವರ್. ಬೈಕಾಯ್ಡ್ ಪ್ರೋಟೀನಿಗೆ ಮಾತ್ರ ಅಂಟಿಕೊಳ್ಳುವ ಪ್ರತಿಕಾಯಗಳಿಂದ ಭ್ರೂಣಗಳಿಗೆ ಬಣ್ಣ ಹಿಡಿಸಿ, ಅದರ ಸಾಂದ್ರತೆಯನ್ನು ತುದಿಯಿಂದ ತುದಿಗೆ ಅಳೆದು, 1988ರಲ್ಲಿ ಅವರು ಪ್ರಕಟಿಸಿದ ಎರಡು ಲೇಖನಗಳು ಅರ್ಧ ಶತಮಾನಕ್ಕೂ ಮೀರಿದ ಊಹೆಯನ್ನು ಪ್ರತ್ಯಕ್ಷವಾಗಿ ಮಾಡಿದವು. ಸುಮಾರು 100 ಮೈಕ್ರೋಮೀಟರ್ ಹಿಂದೆ ಸರಿದಂತೆಲ್ಲ ಪ್ರೋಟೀನಿನ ಪ್ರಮಾಣವು ಮೂರನೆಯ ಒಂದು ಭಾಗಕ್ಕಿಂತ ತುಸು ಹೆಚ್ಚಿನ ಮಟ್ಟಕ್ಕೆ ಇಳಿಯುತ್ತದೆ. ಸುಮಾರು 500 ಮೈಕ್ರೋಮೀಟರ್ ಉದ್ದದ ತತ್ತಿಯ ಹಿಂಭಾಗದಲ್ಲಿ ಅದು ಇಲ್ಲವೆನ್ನುವಷ್ಟು ಕ್ಷೀಣವಾಗಿರುತ್ತದೆ. ಇದಕ್ಕಿಂತ ಮಹತ್ವದ ಸಾಕ್ಷ್ಯವು ಎರಡನೆಯ ಲೇಖನದಲ್ಲಿತ್ತು. ತಾಯಿಗೆ ಬೈಕಾಯ್ಡಿನ ಪ್ರತಿಗಳು ಸಹಜವಾಗಿ ಎರಡು. ಒಂದೇ ಪ್ರತಿಯುಳ್ಳ ತಾಯಿಯ ಭ್ರೂಣಗಳಲ್ಲಿ ತಲೆಗೂ ಎದೆಗೂ ನಡುವಿನ ಮಡಿಕೆ ಮುಂದಕ್ಕೆ ಸರಿದು ತಲೆಯ ಪಾಲು ಕಿರಿದಾಯಿತು. ಹೆಚ್ಚಿನ ಪ್ರತಿಗಳನ್ನು ಸೇರಿಸಿದ ತಾಯಂದಿರ ಭ್ರೂಣಗಳಲ್ಲಿ ಅದೇ ಮಡಿಕೆ ಹಿಂದಕ್ಕೆ ಸರಿದು ತಲೆಯ ಪಾಲು ಹಿರಿದಾಯಿತು. ಗುಣದಲ್ಲಿ ಯಾವ ಭೇದವೂ ಇಲ್ಲದ ಒಂದೇ ಪ್ರೋಟೀನು, ಪ್ರಮಾಣದ ಭೇದ ಮಾತ್ರದಿಂದ ದೇಹದ ಸೀಮಾರೇಖೆಗಳನ್ನು ಹಿಂದಕ್ಕೂ ಮುಂದಕ್ಕೂ ಸರಿಸಿತು.

ಕೋಶಕೇಂದ್ರದೊಳಗೆ ಈ ಪ್ರಮಾಣವನ್ನು ಅಳೆಯುವ ಬಗೆ ಹೀಗೆ. ಬೈಕಾಯ್ಡ್ ಪ್ರೋಟೀನಿನಲ್ಲಿ ಹೋಮಿಯೋಡೊಮೇನ್ ಎಂಬ, 60 ಅಮೈನೋ ಆಮ್ಲಗಳ ಒಂದು ಭಾಗವಿದ್ದು, ಅದು ಡಿಎನ್‌ಎಯ ನಿರ್ದಿಷ್ಟವಾದ ಅಕ್ಷರಸರಣಿಗಳನ್ನು ಹಿಡಿದುಕೊಂಡು ಪಕ್ಕದ ಜೀನನ್ನು ಎಚ್ಚರಿಸುತ್ತದೆ. ಹಂಚ್‌ಬ್ಯಾಕ್ ಎಂಬ ಜೀನಿನ ಬಳಿ ಇಂಥ ಸರಣಿಗಳು ಹಲವಿವೆ. ತತ್ತಿಯ ಮುಂದಿನ ಅರ್ಧದಲ್ಲಿ ಬೈಕಾಯ್ಡ್ ಸಾಕಷ್ಟಿರುವುದರಿಂದ ಅಲ್ಲಿ ಮಾತ್ರ ಅದು ಎಚ್ಚರಗೊಳ್ಳುತ್ತದೆ. ಹಂಚ್‌ಬ್ಯಾಕ್, ಕ್ರುಪ್ಪೆಲ್, ನಿರ್ಪ್ಸ್, ಜೈಂಟ್ ಮೊದಲಾದ ವಲಯಜೀನುಗಳು ಪರಸ್ಪರ ತಡೆಯೊಡ್ಡಿ ತಮ್ಮ ಎಲ್ಲೆಗಳನ್ನು ಹರಿತಗೊಳಿಸಿಕೊಳ್ಳುತ್ತವೆ. ಅವುಗಳ ಕೆಳಗಿನ ಜೀನುಗಳು ಏಳು ಪಟ್ಟೆಗಳಾಗಿ ಮೂಡುತ್ತವೆ. ಈವನ್‌ಸ್ಕಿಪ್ಡ್ ಎಂಬ ಜೀನಿನ ಎರಡನೆಯ ಪಟ್ಟೆಯನ್ನೇ ನೋಡಿ: ಬೈಕಾಯ್ಡ್ ಮತ್ತು ಹಂಚ್‌ಬ್ಯಾಕ್ ಅದನ್ನು ಎಬ್ಬಿಸುತ್ತವೆ, ಮುಂದಿನಿಂದ ಜೈಂಟ್ ತಡೆಯುತ್ತದೆ, ಹಿಂದಿನಿಂದ ಕ್ರುಪ್ಪೆಲ್ ತಡೆಯುತ್ತದೆ, ನಾಲ್ಕರ ಮೇಳದಲ್ಲಿ ಕೆಲವೇ ಕೋಶಗಳ ಅಗಲದ ಪಟ್ಟೆ ಉಳಿಯುತ್ತದೆ. ಇದಲ್ಲದೆ ಬೈಕಾಯ್ಡ್ ಇನ್ನೊಂದು ಕೆಲಸವನ್ನೂ ಮಾಡುತ್ತದೆ: ತತ್ತಿಯಲ್ಲೆಲ್ಲ ಸಮನಾಗಿ ಹರಡಿರುವ ಕಾಡಲ್ ಎಂಬ ಜೀನಿನ ಆರ್‌ಎನ್‌ಎಯನ್ನು ಹಿಡಿದು, ಅದು ಪ್ರೋಟೀನಾಗದಂತೆ ತಡೆಯುತ್ತದೆ. ಅದರಿಂದಾಗಿ, ಹಿಂಭಾಗಕ್ಕೆ ಬೇಕಾದ ಕಾಡಲ್ ಪ್ರೋಟೀನು ಹಿಂಭಾಗದಲ್ಲಿಯೇ ಉಳಿಯುತ್ತದೆ.

ಈ ಅಳತೆಯ ನಿಷ್ಕೃಷ್ಟತೆಯು ಭೌತವಿಜ್ಞಾನಿಗಳನ್ನೂ ಆಕರ್ಷಿಸಿತು. 2007ರಲ್ಲಿ ಪ್ರಿನ್ಸ್‌ಟನ್ನಿನಲ್ಲಿ ಥಾಮಸ್ ಗ್ರೆಗರ್, ವೀಷೌಸ್, ವಿಲಿಯಂ ಬಿಯಾಲೆಕ್ ಮತ್ತು ಅವರ ಸಂಗಡಿಗರು, ಹೊಳೆಯುವಂತೆ ಮಾಡಿದ ಬೈಕಾಯ್ಡನ್ನು ಜೀವಂತ ಭ್ರೂಣದಲ್ಲಿಯೇ ನೋಡಿ, ಶೇಕಡ 10ರಷ್ಟು ಸಾಂದ್ರತೆಯ ವ್ಯತ್ಯಾಸಕ್ಕೂ ಕೋಶಕೇಂದ್ರಗಳು ಬೇರೆಬೇರೆಯಾಗಿ ಪ್ರತಿಕ್ರಿಯಿಸಬಲ್ಲವೆಂದು ತೋರಿಸಿದರು; ಅಕ್ಕಪಕ್ಕದ ಎರಡು ಕೋಶಗಳ ನಡುವಿನ ಅಂತರವೂ ಹೆಚ್ಚುಕಡಿಮೆ ಅಷ್ಟೇ. ಅಂದರೆ ಪ್ರತಿಯೊಂದು ಕೋಶವೂ ತನ್ನ ನೆರೆಯ ಕೋಶದಿಂದ ತನ್ನನ್ನು ಬೇರೆಯೆಂದು ತಿಳಿಯಬಲ್ಲುದು. ಬೈಕಾಯ್ಡ್ ಒಂದೇ ಎಲ್ಲವನ್ನೂ ನಿರ್ಣಯಿಸುತ್ತದೆಂಬ ಮೊದಲಿನ ಸರಳ ಚಿತ್ರವು ಈಚೆಗೆ ತಿದ್ದುಪಡಿಯಾಗಿದೆಯೆಂಬುದೂ ಸತ್ಯ. ಹಿಂತುದಿಯಲ್ಲಿ ತಾಯಿಯಿರಿಸಿದ ನ್ಯಾನೋಸ್, ತುದಿಗಳನ್ನು ಗುರುತಿಸುವ ಟಾರ್ಸೋ ಮತ್ತು ವಲಯಜೀನುಗಳ ಪರಸ್ಪರ ನಿಯಂತ್ರಣ ಇವೆಲ್ಲವೂ ಕೂಡಿಯೇ ಎಲ್ಲೆಗಳನ್ನು ಸ್ಥಿರಗೊಳಿಸುತ್ತವೆ. ಬೈಕಾಯ್ಡಿನ ಪ್ರತಿಗಳು ಹೆಚ್ಚಾಗಿ ತಲೆಯ ಪಾಲು ಹಿಗ್ಗಿದ ಭ್ರೂಣಗಳಲ್ಲಿ ಹಲವು, ಮುಂದಿನ ಹಂತಗಳಲ್ಲಿ ಹೆಚ್ಚುವರಿ ಕೋಶಗಳನ್ನು ನೀಗಿಕೊಂಡು, ಸಹಜವಾದ ನೊಣಗಳೇ ಆಗುವುದೂ ಉಂಟು.

ಹೊಸದಾಗಿ ಬಂದ ಯಜಮಾನ

ಇಷ್ಟು ಪ್ರಧಾನವಾದ ಜೀನು ಜೀವಲೋಕದಲ್ಲಿ ಬಹು ಪ್ರಾಚೀನವಾಗಿಯೂ ಸರ್ವವ್ಯಾಪಿಯಾಗಿಯೂ ಇರಬೇಕೆಂದು ಯಾರಿಗಾದರೂ ತೋರುವುದು ಸಹಜ. ಹುಡುಕಿ ನೋಡಿದಾಗ ಕಂಡುದು ಇದಕ್ಕೆ ವಿರುದ್ಧ. ದುಂಬಿಗಳಲ್ಲಿ ಬೈಕಾಯ್ಡ್ ಇಲ್ಲ, ಜೇನುಹುಳುವಿನಲ್ಲಿ ಇಲ್ಲ, ನೊಣಕ್ಕೆ ದೂರದ ಬಂಧುವೆನಿಸುವ ಸೊಳ್ಳೆಯಲ್ಲಿಯೂ ಇಲ್ಲ; ನೊಣಗಳ ವಂಶವೃಕ್ಷದ ಒಂದು ಕೊಂಬೆಯಲ್ಲಿ ಮಾತ್ರ ಅದು ಇದೆ. ಹಾಕ್ಸ್ ಎಂಬ ಜೀನುಸಮೂಹದ ಮೂರನೆಯ ಜೀನೊಂದು ಸುಮಾರು 14 ಕೋಟಿ ವರ್ಷಗಳಿಗೂ ಹಿಂದೆ ಇಮ್ಮಡಿಗೊಂಡು, ಒಂದು ಪ್ರತಿ ಭ್ರೂಣದ ಹೊರಪೊರೆಗಳ ಕೆಲಸದಲ್ಲಿ ಜೆರ್ಕ್‌ನುಲ್ಟ್ ಎಂಬ ಹೆಸರಿನಿಂದ ಉಳಿದು, ಮತ್ತೊಂದು ಪ್ರತಿ ತನ್ನ ಅಕ್ಷರಗಳನ್ನು ಬದಲಿಸಿಕೊಂಡು ಬೈಕಾಯ್ಡ್ ಆಯಿತು. ಆ ಪೂರ್ವಜ ಪ್ರೋಟೀನಿನ ರೂಪವನ್ನು ವಿಜ್ಞಾನಿಗಳು ಗಣನೆಯಿಂದ ಪುನರ್ನಿರ್ಮಿಸಿ, ನೊಣದ ತತ್ತಿಯಲ್ಲಿಯೇ ಪರೀಕ್ಷಿಸಿ, ಹೋಮಿಯೋಡೊಮೇನಿನ ಎರಡು ಅಮೈನೋ ಆಮ್ಲಗಳ ಬದಲಾವಣೆಯಿಂದಲೇ ಹೊಸ ಕೆಲಸದ ಬಹುಪಾಲು ಸಾಧ್ಯವಾಗುತ್ತದೆಂದು 2018ರಲ್ಲಿ ವರದಿಮಾಡಿದರು. ಬೈಕಾಯ್ಡ್ ಇಲ್ಲದ ಕೀಟಗಳಿಗೆ ತಲೆಯಿಲ್ಲದೆ ಹೋಗಲಿಲ್ಲ. ಅವು ಆ ಕಾರ್ಯಕ್ಕೆ ಬೇರೆ ಜೀನುಗಳನ್ನು ನೇಮಿಸಿಕೊಂಡಿವೆ. ನಸೋನಿಯ ಎಂಬ ಕಣಜದ ತತ್ತಿಯಲ್ಲಿ ಆರ್ಥೊಡೆಂಟಿಕಲ್ ಎಂಬ ಜೀನಿನ ಆರ್‌ಎನ್‌ಎ ತುದಿಯಲ್ಲಿ ನೆಲೆಸಿ ಅಂಥದೇ ಅಧಿಕಾರವನ್ನು ನಡೆಸುತ್ತದೆ; ಸೊಳ್ಳೆಯಂತೆ ಕಾಣುವ ಕೈರೊನೋಮಸ್ ಎಂಬ ಕೀಟದಲ್ಲಿ, ಬೈಕಾಯ್ಡಿಗೆ ಸಂಬಂಧವೇ ಇಲ್ಲದ ಮತ್ತೊಂದು ಜೀನು ಇದೇ ಕೆಲಸವನ್ನು ಮಾಡುವುದು 2015ರಲ್ಲಿ ತಿಳಿದುಬಂದಿತು. ಯಜಮಾನರು ಬದಲಾದರೂ ಆಡಳಿತದ ಕ್ರಮ ಮಾತ್ರ ಉಳಿದುಬಂದಿದೆ: ಒಂದೆಡೆ ಹೆಚ್ಚು, ಇನ್ನೊಂದೆಡೆ ಕಡಿಮೆ, ಆ ತಾರತಮ್ಯದಿಂದಲೇ ರೂಪಭೇದ.

ಈ ಕ್ರಮವು ಕೀಟಗಳಿಗೆ ಮೀಸಲಾದುದಲ್ಲ. ಹೈಡೆಲ್‌ಬರ್ಗಿನಲ್ಲಿ ಸಿಕ್ಕ ಹದಿನೈದು ಜೀನುಗಳಲ್ಲಿ ಹೆಜ್‌ಹಾಗ್ ಎಂಬುದೊಂದು. ಕಶೇರುಕಗಳಲ್ಲಿರುವ ಅದರ ಸಂಬಂಧಿಯಾದ ಸೋನಿಕ್ ಹೆಜ್‌ಹಾಗ್, ನಮ್ಮ ಕೈ ಮೊಗ್ಗಾಗಿರುವಾಗ ಕಿರುಬೆರಳಾಗುವ ಕಡೆಯ ಅಂಚಿನಲ್ಲಿ ಉತ್ಪನ್ನವಾಗಿ, ಹೆಬ್ಬೆರಳಿನ ಕಡೆಗೆ ವಿರಳವಾಗುತ್ತ ಹೋಗಿ, ಬೆರಳುಗಳ ಭೇದವನ್ನು ಉಂಟುಮಾಡುವುದರಲ್ಲಿ ಪಾಲ್ಗೊಳ್ಳುತ್ತದೆ. ಅದರ ಕೆಲಸ ಭ್ರೂಣದಲ್ಲಿ ಕೆಟ್ಟರೆ ಮಗುವಿನ ಮೆದುಳು ಎರಡು ಭಾಗವಾಗದೆ ಹೋಗಬಹುದು. ವಯಸ್ಕರ ಚರ್ಮದಲ್ಲಿ ಅದರ ಮಾರ್ಗವು ಹತೋಟಿ ತಪ್ಪಿ ಚುರುಕಾದರೆ ಒಂದು ಬಗೆಯ ಕ್ಯಾನ್ಸರ್ ಹುಟ್ಟುತ್ತದೆ, ಆ ಕ್ಯಾನ್ಸರಿಗೆ ಇದೇ ಮಾರ್ಗವನ್ನು ತಡೆಯುವ ಔಷಧವು 2012ರಿಂದ ಅಮೆರಿಕದಲ್ಲಿ ಬಳಕೆಯಲ್ಲಿದೆ. ಮರಿಹುಳುವಿನ ಹೊಟ್ಟೆಯ ಮೇಲಿನ ಮುಳ್ಳುಗಳನ್ನು ಎಣಿಸುತ್ತ ಕುಳಿತವರು ಔಷಧವನ್ನು ಹುಡುಕುತ್ತಿರಲಿಲ್ಲ. ಒಂದು ಒಳ್ಳೆಯ ಪ್ರಶ್ನೆಯನ್ನು ಕೊನೆಮುಟ್ಟ ಹಿಂಬಾಲಿಸುತ್ತಿದ್ದರು. ತತ್‌ಕ್ಷಣದ ಪ್ರಯೋಜನವನ್ನೇ ಅಳತೆಗೋಲಾಗಿ ಹಿಡಿಯುವ ರಾಜ್ಯವಾಗಲಿ ವಿಶ್ವವಿದ್ಯಾಲಯವಾಗಲಿ ಇಂಥ ಫಲವನ್ನು ಕಾಣಲಾರದು.

ಬೈಕಾಯ್ಡಿನಿಂದ ನಾವು ಕಲಿಯಬೇಕಾದ ಮುಖ್ಯ ಪಾಠ ನನ್ನ ಮಟ್ಟಿಗೆ ಇದು: ಜೀನೆಂಬುದು ಹಣೆಬರಹವಲ್ಲ. ಒಂದೇ ಜೀನು, ಒಂದೇ ಪ್ರೋಟೀನು, ಮುಂತುದಿಯಲ್ಲಿ ದಟ್ಟವಾಗಿದ್ದಾಗ ತಲೆಯನ್ನೂ, ಸ್ವಲ್ಪ ಹಿಂದೆ ತೆಳುವಾಗಿದ್ದಾಗ ಎದೆಯನ್ನೂ ಕೊಡುತ್ತದೆ. ತಾಯಿಯಲ್ಲಿದ್ದರೆ ಫಲ ಕೊಡುವ ಅದೇ ಜೀನು ಭ್ರೂಣದಲ್ಲಿ ಮಾತ್ರ ಇದ್ದರೆ ನಿಷ್ಫಲ. ಬುದ್ಧಿಗೊಂದು ಜೀನು, ಕೋಪಕ್ಕೊಂದು ಜೀನು, ಕುಲದ ಗುಣಕ್ಕೊಂದು ಜೀನು ಎಂದು ಸುಲಭವಾಗಿ ಹೇಳಿಬಿಡುವ ವಾಡಿಕೆ ನಮ್ಮ ಕಾಲದಲ್ಲಿ ಬೆಳೆಯುತ್ತಿದೆ. ಅಂಥ ಮಾತು ಕಿವಿಗೆ ಬಿದ್ದಾಗಲೆಲ್ಲ ಓದುಗರು ಮೂರು ಪ್ರಶ್ನೆಗಳನ್ನು ಕೇಳಬೇಕೆಂದು ನನ್ನ ವಿಜ್ಞಾಪನೆ: ಆ ಜೀನು ಕೆಲಸ ಮಾಡುವುದು ಎಲ್ಲಿ, ಯಾವಾಗ, ಎಷ್ಟು? ಈ ಮೂರಕ್ಕೂ ಉತ್ತರ ಕೊಡಲಾರದವರ ಮಾತನ್ನು ವಿಜ್ಞಾನವೆಂದು ಒಪ್ಪಿಕೊಳ್ಳಬೇಕಾಗಿಲ್ಲ.